ಟಿಲ್ಲಿಯ ತುಟಿಮಾತು

ಸೋಮವಾರ, ಸೆಪ್ಟೆಂಬರ್ 4, 1961

ತಂಗಿ ಫ್ಲೋರಿ ಹೊಸ ವರ್ಷಕ್ಕೆ ಕಳಿಸಿದ ದಿನಚರಿ ಪುಸ್ತಕ ಎಂಟು ತಿಂಗಳಿಂದ ಖಾಲಿ ಬಿದ್ದಿತ್ತು. ಇವತ್ತು ಬರೆಯಲು ಕಾರಣ ಸಿಕ್ಕಿದೆ. ಮೇಡಂಗೆ ಹೇಳಿಬಿಟ್ಟೆ. ಈ ಚಿತ್ರ ಮುಗಿದ ಮೇಲೆ, ನವೆಂಬರ್ ಒಂದಕ್ಕೆ, ನಾನು ಕೆಲಸ ಬಿಟ್ಟು ಮೋರ್ಕಂಬ್‌ಗೆ ಹೋಗುತ್ತೇನೆ. ಅಲ್ಲಿ ಫ್ಲೋರಿ ಸಮುದ್ರದ ದಂಡೆಯಲ್ಲಿ ಬಾಡಿಗೆ ಕೋಣೆಗಳ ಮನೆ ನಡೆಸುತ್ತಾಳೆ. ಅಲೆ ಕಾಣುವ ಮಹಡಿಯ ಕೋಣೆಯನ್ನು ನನಗೆಂದೇ ಹಿಡಿದಿಟ್ಟಿದ್ದಾಳೆ. ಮೂವತ್ತಮೂರು ವರ್ಷ ಇನ್ನೊಬ್ಬರ ಬೆನ್ನಿನ ಕೊಂಡಿ ಹಾಕಿದ್ದು ಸಾಕು.

ಮೇಡಂ ಕನ್ನಡಿಯೊಳಗಿಂದಲೇ ನನ್ನನ್ನು ನೋಡಿದರು. "ಒಳ್ಳೇದು ಏಡಾ. ಸಮುದ್ರದ ಗಾಳಿ ನಿನಗೆ ಒಗ್ಗುತ್ತೆ," ಎಂದರು. ಅಷ್ಟೆ. ಕೈಗವಸಿನ ಗುಂಡಿ ಹಾಕಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ಬೇಡ ಎನ್ನಲಿಲ್ಲ, ಯಾಕೆ ಎಂದು ಕೇಳಲಿಲ್ಲ. ಇಸೊಬೆಲ್ ಕ್ರೇನ್ ಎಂದರೆ ಹಾಗೇ. ನಲವತ್ತು ಚಿತ್ರಗಳಲ್ಲಿ ಗಂಡ ಸತ್ತ ಸುದ್ದಿಯನ್ನು ಹುಬ್ಬು ಅಲುಗಿಸದೆ ಕೇಳಿದವರು, ಉಡುಪು ತೊಡಿಸುವವಳು ಬಿಟ್ಟು ಹೋಗುತ್ತಾಳೆಂದರೆ ಅಲುಗಿಸುತ್ತಾರೆಯೇ?

ಹೊಸ ಚಿತ್ರ ಇವತ್ತೇ ಶುರುವಾಯಿತು. ಅದರಲ್ಲಿ ಮೇಡಂಗೆ ಹಳೇ ಬಂಗಲೆಯ ಯಜಮಾನಿ, ಲೇಡಿಯ ಪಾತ್ರ. ನಿರ್ದೇಶಕ ಪಿಯರ್ಸ್ ಹ್ಯಾಲಮ್‌ಗೆ ಇಪ್ಪತ್ತೆಂಟು ವರ್ಷ. ಮೀನುಗಾರರ ಉಣ್ಣೆ ಅಂಗಿ ಹಾಕಿಕೊಂಡು ಬರುತ್ತಾನೆ, ಮೀನನ್ನು ತಟ್ಟೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡವನಲ್ಲ. ನನ್ನನ್ನು "ಅಜ್ಜಿ" ಎಂದು ಕರೆದ. ನನಗಿನ್ನೂ ಐವತ್ತೇಳು.

ಟ್ರಂಕು ತುಂಬಿ ಮಂಚದ ಕೆಳಗೆ ತಳ್ಳಿದ್ದೇನೆ. ಚಳಿಗಾಲದ ಕೋಟು, ಅವ್ವನ ಗಡಿಯಾರ, ಕೇಕಿನ ಡಬ್ಬಿ, ಒಳ್ಳೆಯ ಬೂಟು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಫ್ಲೋರಿ ನಗಬಹುದು. ನಗಲಿ.

ಗುರುವಾರ, ಸೆಪ್ಟೆಂಬರ್ 7

"ಚಹಾಕ್ಕೆ ಸಕ್ಕರೆ ಎಷ್ಟು, ಪಾದ್ರಿಗಳೇ?" ಇಷ್ಟೇ ಮಾತು. ಹನ್ನೊಂದು ಸಲ ತೆಗೆದರು. ಒಂದು ಸಲ ಸಕ್ಕರೆ ಬರಲಿಲ್ಲ, ಒಂದು ಸಲ ಪಾದ್ರಿ ಬರಲಿಲ್ಲ. ಎಲ್ಲರೂ ದೀಪದ ಸೆಕೆ ಎಂದರು. ಇದೇ ಹೆಂಗಸು ಹಿಂದೆ ಲಂಡನ್ನಿನಿಂದ ಬ್ರೈಟನ್‌ಗೆ ಹೋಗುವ ಒಂದು ಗಂಟೆಯ ರೈಲಿನಲ್ಲಿ ನಲವತ್ತು ಪುಟ ಬಾಯಿಪಾಠ ಮಾಡಿದ್ದನ್ನು ಕಂಡವಳು ನಾನು.

ಉಡುಪಿನ ಕೋಣೆಗೆ ಬಂದ ಮೇಲೆ "ಬಾಗಿಲು ಹಾಕು ಏಡಾ," ಎಂದರು. ಹಾಕಿದೆ. ಟೋಪಿಯ ಸೂಜಿ ತೆಗೆಯಲು ಕೈ ಎತ್ತಿದವರು ಹಾಗೇ ಕೂತರು.

"ಪದ ಸಿಗ್ತಾ ಇಲ್ಲ. ಅಲ್ಲೇ ಇತ್ತು, ಎದ್ದು ಹೋಗಿರುತ್ತೆ. ಚಳಿಗಾಲದಿಂದ ಹೀಗೇ. ಡಾಕ್ಟರನ್ನ ಕಂಡೆ, ನಿನಗೆ ಹೇಳ್ಲಿಲ್ಲ. ಇದು ಜಾಸ್ತಿ ಆಗುತ್ತಂತೆ, ಕಡಿಮೆ ಆಗಲ್ವಂತೆ."

ಬಾಯಿಗೆ ಬಂದದ್ದು ಒಂದೇ. "ಅಳಬ್ಯಾಡ್ರಿ, ಮುಖದ ಬಣ್ಣ ಹೋಗತೈತಿ."

"ಇದೊಂದನ್ನ ನಾನೇ ಮುಗಿಸ್ಬೇಕು. ಗೊತ್ತಾದ್ರೆ ಅರ್ಧಕ್ಕೆ ತೆಗೆದು ಬೇರೆಯವಳನ್ನ ಹಾಕ್ತಾರೆ. ಆಮೇಲೆ ಜನ ನನ್ನನ್ನ ಅದೊಂದಕ್ಕೇ ನೆನಪಿಟ್ಕೊಳ್ತಾರೆ. ಮಾತು ಮರೆತೋಳು ಅಂತ."

ಮೂವತ್ತಮೂರು ವರ್ಷದಲ್ಲಿ ಅವರು ನನ್ನ ಹತ್ತಿರ ಏನನ್ನೂ ಬೇಡಿದವರಲ್ಲ. ಇವತ್ತೂ ಬೇಡಲಿಲ್ಲ, ಹೇಳಿದರು ಅಷ್ಟೆ.

ಶುಕ್ರವಾರ, ಸೆಪ್ಟೆಂಬರ್ 8

ಇವತ್ತು ಒಂದು ಸಂಗತಿ ನಡೆಯಿತು. ಮರೆಯುವ ಮುಂಚೆ ಬರೆದಿಡುತ್ತೇನೆ.

ಪತ್ರಿಕೆಗಳ ಪ್ರಕಾರ ಇಸೊಬೆಲ್ ಕ್ರೇನ್ ಡಾರ್ಸೆಟ್‌ನ ಪಾದ್ರಿಯ ಮಗಳು. ಗುಲಾಬಿ ತೋಟ, ಕುದುರೆ ಮರಿ, ಎಲ್ಲ ಬರೆದಿದ್ದಾರೆ. ಅವರು ನಿಜವಾಗಿ ನಮ್ಮ ಬರ್ನ್‌ಲಿಯ ಟಿಲ್ಲಿ ಹೇವರ್ತ್, ನೇಕಾರಳಾದ ಸಾರಾಳ ಮಗಳು. ಹನ್ನೆರಡಕ್ಕೆ ಹತ್ತಿ ಮಿಲ್ಲಿಗೆ ಸೇರಿದವರು, ನನ್ನ ಹಾಗೆಯೇ. ನೇಯ್ಗೆಯ ಶೆಡ್ಡಿನಲ್ಲಿ ಐನೂರು ಮಗ್ಗ ಒಟ್ಟಿಗೆ ಬಡಿಯುತ್ತಿದ್ದರೆ ದೇವರು ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೇ ಅಲ್ಲಿನ ಹೆಂಗಸರು ಧ್ವನಿಯನ್ನು ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಾರೆ. ಬಾಯಿ ಅಗಲವಾಗಿ ತೆರೆದು, ತುಟಿಯನ್ನು ಹಿಟ್ಟು ನಾದಿದಂತೆ ತಿರುವಿ, ಎಂಟು ಮಗ್ಗದ ಆಚೆಯವಳ ಜೊತೆ ಗಂಡನ ಜಗಳವನ್ನೆಲ್ಲ ಹಂಚಿಕೊಳ್ಳಬಹುದು. ಮೇಸ್ತ್ರಿಗೆ ಒಂದಕ್ಷರ ತಿಳಿಯುವುದಿಲ್ಲ. ನಾವು ಅದನ್ನು ತುಟಿಮಾತು ಎನ್ನುತ್ತಿದ್ದೆವು.

ಮೇಡಂ ಇವತ್ತು ಮೆಟ್ಟಿಲ ಮೇಲೆ ನಿಂತು "ಈ ಮನೆಗೆ..." ಎಂದು ತಡವರಿಸಿದರು. ನಾನು ಕ್ಯಾಮರಾದ ಪಕ್ಕ ಶಾಲು ಹಿಡಿದು ನಿಂತಿದ್ದೆ. ಬೆಳಗ್ಗೆಯಿಂದ ಕೇಳಿ ಕೇಳಿ ಬಾಯಿಗೆ ಬಂದಿದ್ದ ಮುಂದಿನ ಮಾತನ್ನು ನನಗೆ ಅರಿವಿಲ್ಲದೆ ನನ್ನ ತುಟಿ ಆಡಿತು. ಅವರ ಕಣ್ಣು ನನ್ನ ಬಾಯಿಗೆ ಅಂಟಿಕೊಂಡಿತು. "ಈ ಮನೆಗೆ ನೂರು ವರ್ಷದಿಂದ ಬೀಗ ಬಿದ್ದಿಲ್ಲ, ಕರ್ನಲ್," ಎಂದು ತಪ್ಪಿಲ್ಲದೆ ಹೇಳಿ ಮುಗಿಸಿದರು. ಮಿಲ್ಲು ಬಿಟ್ಟು ಮೂವತ್ತಮೂರು ವರ್ಷವಾಗಿದೆ. ಕಲಿತದ್ದು ಎಲ್ಲಿಗೂ ಹೋಗಿಲ್ಲ.

ಕಾರಿನಿಂದ ಇಳಿಯುವಾಗ "ನಾಳೆ ಸ್ವಲ್ಪ ಎಡಕ್ಕೆ ನಿಂತ್ಕೋ, ದೀಪ ಕಣ್ಣಿಗೆ ಹೊಡೀತಿತ್ತು," ಎಂದರು.

ಭಾನುವಾರ, ಸೆಪ್ಟೆಂಬರ್ 17

ವಾರವಿಡೀ ಸುಸೂತ್ರ. ಈಗ ರಾತ್ರಿ ಊಟಕ್ಕೆ ಮುಂಚೆ ಅವರ ಸಂಭಾಷಣೆಯನ್ನು ನಾನು ಬಾಯಿಪಾಠ ಮಾಡುತ್ತೇನೆ. ಲೇಡಿಯಾಗುವ ಯೋಗ ಈ ವಯಸ್ಸಿನಲ್ಲಿ ಬಂತು.

ಇವತ್ತು ಮಧ್ಯಾಹ್ನ ಹೊಗೆಮೀನು ಹುರಿದೆ. ವಾಸನೆಗೆ ಮೇಡಂ ಅಡುಗೆಮನೆಗೇ ಬಂದು ನಗಲು ಶುರುಮಾಡಿದರು. ನನಗೂ ನಗು ತಡೆಯಲಾಗಲಿಲ್ಲ. ಹೊಗೆಮೀನು ಇಲ್ಲದಿದ್ದರೆ ನಾನು ಈ ಮನೆಯಲ್ಲೇ ಇರುತ್ತಿರಲಿಲ್ಲ.

ಅದು ಮೂಕಿ ಚಿತ್ರಗಳ ಕಾಲ. ಊರೂರು ಸುತ್ತುವ ನಾಟಕದವರ ಜೊತೆ ಓಡಿಹೋದ ಟಿಲ್ಲಿ ಲಂಡನ್ನಿನಲ್ಲಿ ಇಸೊಬೆಲ್ ಕ್ರೇನ್ ಆಗಿ ಪರದೆಯ ಮೇಲೆ ಬಂದಿದ್ದರು. ಡಚೆಸ್ ಪಾತ್ರ. ಯುದ್ಧಕ್ಕೆ ಹೊರಟ ಪ್ರಿಯಕರನನ್ನು ತಬ್ಬಿಕೊಳ್ಳುವ ದೃಶ್ಯ. "ಪ್ರಾಣವಿರುವವರೆಗೆ ನಿಮ್ಮನ್ನು ಮರೆಯಲಾರೆ" ಎಂದು ಪರದೆಯ ಮೇಲೆ ಅಕ್ಷರ ಬಂತು. ತುಟಿ ಹೇಳಿದ್ದು ಬೇರೆ: "ಮತ್ತ ಹೊಗಿ ಮೀನ ತಿಂದ ಬಂದೀಯೇನೋ? ಅಲ್ಲೇ ನಿಂದರು, ಹತ್ತರ ಬರಬ್ಯಾಡ." ಲಂಡನ್ನಿನಲ್ಲಿ ಜನ ಕರವಸ್ತ್ರ ಒದ್ದೆ ಮಾಡಿಕೊಂಡರು. ಬರ್ನ್‌ಲಿಯಲ್ಲಿ ಇಡೀ ಟಾಕೀಸು ಬಿದ್ದು ಬಿದ್ದು ನಕ್ಕಿತು. ಹೊರಗಿನವನಾದ ಮ್ಯಾನೇಜರು ಚಿತ್ರ ತಲೆಕೆಳಗಾಗಿ ಓಡುತ್ತಿದೆಯೇನೋ ಎಂದು ಹೆದರಿ ಓಡಿ ಬಂದ.

ನಾನು ಪತ್ರ ಬರೆದೆ: "ಮೇಡಂ, ನಿಮ್ಮ ಡಚೆಸ್ ಏನೆಂದಳೆಂದು ನಮ್ಮೂರಿಗೆಲ್ಲ ಗೊತ್ತಾಗಿದೆ, ಬಾಯಿ ಜೋಪಾನ." ಹತ್ತು ದಿನಕ್ಕೆ ಉತ್ತರ ಬಂತು, ಜೊತೆಗೆ ರೈಲಿನ ಟಿಕೆಟ್ಟು. "ಹಾಗಾದರೆ ನೀನೇ ಬಂದು ನನ್ನ ಬಾಯಿ ಕಾಯಿ." ನನ್ನ ಕೆಲಸ ಶುರುವಾದದ್ದು ಹಾಗೆ. ಒಂದು ವರ್ಷ ಕ್ಯಾಮರಾದ ಪಕ್ಕ ನಿಂತು ಅವರ ತುಟಿ ಕಾದೆ. ಅಷ್ಟರಲ್ಲಿ ಮಾತಿನ ಚಿತ್ರ ಬಂತು, ತುಟಿ ಕಾಯುವ ಕೆಲಸ ಹೋಗಿ ಕೊಂಡಿ ಹಾಕುವ ಕೆಲಸ ಬಂತು.

ಟ್ರಂಕಿನಿಂದ ಕೋಟು ತೆಗೆದೆ. ಈ ವರ್ಷ ಚಳಿ ಬೇಗ ಬಂದಿದೆ.

ಮಂಗಳವಾರ, ಸೆಪ್ಟೆಂಬರ್ 26

ಇವತ್ತು ಒಂದು ತಪ್ಪಾಯಿತು, ಮಿಲ್ಲಿನವರಿಗೆ ಬಿಟ್ಟು ಬೇರೆ ಯಾರಿಗೂ ಇಂಥ ತಪ್ಪು ಮಾಡಲು ಬರುವುದಿಲ್ಲ. ತುಟಿಮಾತಿನಲ್ಲಿ ಪ, ಬ, ಮ ಮೂರೂ ಒಂದೇ. ತುಟಿ ಮುಚ್ಚಿ ತೆರೆದರೆ ಆಯಿತು. ಕೇಳುವವಳು ಸಂದರ್ಭ ನೋಡಿ ಯಾವುದೆಂದು ತಿಳಿದುಕೊಳ್ಳಬೇಕು.

ಮಾತು ಹೀಗಿತ್ತು: "ನಿಮ್ಮ ಬಾವ ನಿನ್ನೆ ಊಟಕ್ಕೆ ಬಂದಿದ್ದರು." ನಾನು ತುಟಿಯಲ್ಲಿ ಸರಿಯಾಗಿಯೇ ಹೇಳಿದೆ. ಮೇಡಂ ಗಂಭೀರವಾಗಿ "ನಿಮ್ಮ ಮಾವ ನಿನ್ನೆ ಊಟಕ್ಕೆ ಬಂದಿದ್ದರು," ಎಂದರು.

ಪ್ರತಿ ಪದ, ಪ್ರತಿ ಗುಂಡಿ ಚಿತ್ರಕಥೆಯ ಪುಸ್ತಕದಂತೆ ಇದೆಯೇ ಎಂದು ಗುರುತು ಹಾಕುವ ಮಿಸ್ ಟ್ವೀಡಿ ತಲೆ ಎತ್ತಿದಳು. "ಮಾವ ಮೊದಲನೇ ದೃಶ್ಯದಲ್ಲೇ ತೀರಿಕೊಂಡ್ರಲ್ಲ, ಮಿಸ್ ಕ್ರೇನ್."

"ಅದಕ್ಕೇ ಜಾಸ್ತಿ ತಿನ್ನಲಿಲ್ಲ," ಎಂದರು ಮೇಡಂ.

ಸೆಟ್ಟಿನಲ್ಲಿ ಎಲ್ಲರೂ ನಕ್ಕರು, ಹ್ಯಾಲಮ್ ಕೂಡ. ಮಿಸ್ ಟ್ವೀಡಿ ನಗಲಿಲ್ಲ. ಅವಳ ಕಣ್ಣು ಮೇಡಂ ಮೇಲಿಂದ ನನ್ನ ಮೇಲೆ ಬಂದು ಸ್ವಲ್ಪ ಹೊತ್ತು ನಿಂತಿತು. ನಾನು ಕೆಮ್ಮಿದಂತೆ ಮಾಡಿ ಬಾಯಿಗೆ ಶಾಲು ಅಡ್ಡ ಹಿಡಿದೆ.

ಮಂಗಳವಾರ, ಅಕ್ಟೋಬರ್ 3

ಹ್ಯಾಲಮ್‌ಗೆ ಇವತ್ತು ಯಾವುದೋ ದೆವ್ವ ಹಿಡಿದಿತ್ತು. "ಕ್ಯಾಮರಾ ಪಕ್ಕ ಯಾರೂ ಇರಬಾರ್ದು. ನಟರ ಕಣ್ಣಿಗೆ ಬೀಳೋ ಜಾಗ ಪೂರ್ತಿ ಖಾಲಿ ಆಗ್ಬೇಕು. ಅಜ್ಜೀನೂ ಸೇರಿ."

ನನ್ನನ್ನು ಹಲಗೆಯ ಗೋಡೆಯ ಹಿಂದೆ ಕಳಿಸಿದರು. ಅಲ್ಲಿಂದ ಕೇಳಿಸುತ್ತದೆ, ಕಾಣುವುದಿಲ್ಲ. ಹದಿನಾಲ್ಕು ಟೇಕ್. ಹದಿನಾಲ್ಕರಲ್ಲೂ ಅದೇ ಕಡೆ ಅವರ ಧ್ವನಿ ನಿಂತಿತು. ಹದಿನೈದಕ್ಕೆ "ಇವತ್ತಿಗೆ ಸಾಕು" ಎಂದ. ನಿರ್ಮಾಪಕರು ಬಂದು ಅವನ ಜೊತೆ ಮೂಲೆಯಲ್ಲಿ ಪಿಸುಗುಟ್ಟಿದರು. ಬೇರೊಬ್ಬ ನಟಿಯ ಹೆಸರು ನನ್ನ ಕಿವಿಗೆ ಬಿತ್ತು.

ಮೇಡಂ ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಬುಧವಾರ, ಅಕ್ಟೋಬರ್ 4

ಮೇಡಂಗೆ ತಲೆನೋವೆಂದು ಹೇಳಿ ಮಲಗಿಸಿ ನಾನೊಬ್ಬಳೇ ಸ್ಟುಡಿಯೋಗೆ ಹೋದೆ. ಹ್ಯಾಲಮ್ ಕ್ಯಾಂಟೀನಿನಲ್ಲಿ ಬ್ರೆಡ್ಡು, ಹಂದಿಮಾಂಸದ ಚೂರು ತಿನ್ನುತ್ತಿದ್ದ. ಕೇಳದೆ ಎದುರಿಗೆ ಕೂತೆ.

"ಮೇಡಂ ಮುಖದ ಮುಂದ ನಾ ಇರಬೇಕು. ಇಲ್ಲಂದ್ರ ನಿನ್ನ ಚಿತ್ರ ಆಗಂಗಿಲ್ಲ," ಎಂದೆ.

"ನೀವು ಇದ್ರೆ ಏನಾಗುತ್ತೆ?"

ಹೇಳಬಾರದು ಎಂದುಕೊಂಡೇ ಹೋಗಿದ್ದೆ. ಆದರೆ ಆ ಹುಡುಗನ ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು ಇತ್ತು. ಅವನ ಮೊದಲ ದೊಡ್ಡ ಚಿತ್ರವಂತೆ. ಎಲ್ಲವನ್ನೂ ಹೇಳಿದೆ. ಮಗ್ಗ, ತುಟಿ, ಮರೆವು, ಡಾಕ್ಟರು. ಹೇಳುತ್ತಾ ಹೋದಂತೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಮೂವತ್ತಮೂರು ವರ್ಷ ಕಾದ ಬಾಯನ್ನು ಮೂರು ನಿಮಿಷದಲ್ಲಿ ಬಿಟ್ಟುಕೊಟ್ಟೆನಲ್ಲ.

ಅವನು ತಟ್ಟೆ ಸರಿಸಿದ. "ಒಂದು ಮಾತು ಹೇಳಿ ತೋರಿಸಿ. ಧ್ವನಿ ಇಲ್ದೆ."

ತೋರಿಸಿದೆ.

"ಏನಂದ್ರಿ?"

"ನಾ ನಿನ್ನ ಅಜ್ಜಿ ಅಲ್ಲ ಅಂದೆ."

ಬಹಳ ಹೊತ್ತು ನಕ್ಕ. "ನಾನು ಯಾರಿಗೂ ಹೇಳಲ್ಲ. ನಿರ್ಮಾಪಕರಿಗೂ ಹೇಳಲ್ಲ. ನಾಳೆ ಒಂದು ಗಂಟೆ ಮುಂಚೆ ಬನ್ನಿ," ಎಂದ. ಮೀನುಗಾರರ ಅಂಗಿಯೊಳಗೆ ಒಬ್ಬ ಮನುಷ್ಯ ಇದ್ದಾನೆ.

ಮನೆಗೆ ಬಂದು ಮೇಡಂಗೆ ಹೇಳಿದೆ. ಅವರು ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟು "ನಿನ್ನನ್ನ ಯಾರು ಕೇಳಿದ್ರು? ಹೇಗೂ ಬಿಟ್ಟು ಹೋಗೋಳಿಗೆ ನನ್ನ ಮಾನ ಯಾಕೆ?" ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂದರೆ ನವೆಂಬರ್ ಒಂದು ಅವರಿಗೆ ಮರೆತಿಲ್ಲ. ಬೇರೆಲ್ಲ ಮರೆತಿದೆ, ಅದು ಮಾತ್ರ ನೆನಪಿದೆ.

ಗುರುವಾರ, ಅಕ್ಟೋಬರ್ 5

ಅವ್ವನ ಗಡಿಯಾರವನ್ನು ಟ್ರಂಕಿನಿಂದ ತೆಗೆದು ತಲೆಯ ಹತ್ತಿರ ಇಟ್ಟುಕೊಂಡಿದ್ದೆ, ಒಂದು ಗಂಟೆ ಮುಂಚೆ ಏಳಬೇಕಿತ್ತಲ್ಲ.

ಹ್ಯಾಲಮ್‌ನ ಉಪಾಯ ಕೇಳಿ ದಂಗಾದೆ. ನನ್ನನ್ನು ಚಿತ್ರದೊಳಕ್ಕೇ ಹಾಕಿಬಿಟ್ಟಿದ್ದಾನೆ. ಬಂಗಲೆಯ ಮನೆಗೆಲಸದವಳು. ಪ್ರತಿ ದೃಶ್ಯದಲ್ಲೂ ತಟ್ಟೆಯನ್ನೋ ಬಟ್ಟೆಯನ್ನೋ ಹಿಡಿದು ಲೇಡಿಯ ಎದುರು ನಿಲ್ಲಬೇಕು, ಬೆನ್ನು ಕ್ಯಾಮರಾಕ್ಕೆ. ಲೋಕಕ್ಕೆ ಕಾಣುವುದು ನನ್ನ ಟೋಪಿಯ ಹಿಂಭಾಗ ಮಾತ್ರ.

ಉಡುಪಿನ ಕೋಣೆಯಲ್ಲಿ ಕಪ್ಪು ಗೌನು ಹಾಕಿಕೊಂಡು ಬೆನ್ನಿನ ಕೊಂಡಿಗೆ ಕೈ ಎಟುಕದೆ ಒದ್ದಾಡುತ್ತಿದ್ದೆ. ನಿನ್ನೆಯಿಂದ ಮಾತು ಬಿಟ್ಟಿದ್ದ ಮೇಡಂ ಎದ್ದು ಬಂದರು. "ಉಸಿರು ಎಳಕೊಂಡು ನಿಂತ್ಕೋ," ಎಂದು ಒಂದೊಂದೇ ಕೊಂಡಿ ಹಾಕಿದರು. ಮೂವತ್ತಮೂರು ವರ್ಷದಿಂದ ನಾನು ಹಾಕಿದ್ದನ್ನು ನೋಡಿಯೂ ಅವರಿಗೆ ಬರುವುದಿಲ್ಲ, ಎರಡು ಕೊಂಡಿ ಮೇಲೆ ಕೆಳಗಾದವು. ಏಪ್ರನ್ನಿನ ಗಂಟು ಹಾಕಿ, ಟೋಪಿ ಸರಿಮಾಡಿ, ನನ್ನ ಗಲ್ಲ ಹಿಡಿದು ಮುಖ ಎತ್ತಿದರು.

"ಛಲೋ ಕಾಣಸ್ತಿ," ಎಂದರು.

ಆ ಬಾಯಿಂದ ನಮ್ಮೂರ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ. ಅವರಿಗೇ ಗೊತ್ತಾಗಲಿಲ್ಲ ಎಂದು ಕಾಣುತ್ತದೆ. ನಾನೂ ಎತ್ತಿ ತೋರಿಸಲಿಲ್ಲ.

ಭಾನುವಾರ, ಅಕ್ಟೋಬರ್ 15

ಫ್ಲೋರಿಯಿಂದ ಪತ್ರ. ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರು ಮಹಡಿಯ ಕೋಣೆ ಕೇಳುತ್ತಿದ್ದಾರಂತೆ, ನಾನು ಬರುವುದು ಖಚಿತವೇ ಎಂದು ತಿಂಗಳ ಇಪ್ಪತ್ತೈದರೊಳಗೆ ಬರೆಯಬೇಕಂತೆ. ಖಚಿತವಲ್ಲದೆ ಏನು. ನಾಳೆ ಬರೆಯುತ್ತೇನೆ.

ಟಿಲ್ಲಿಗೆ ಶುಂಠಿ ಕೇಕು ಬೇಕೆನ್ನಿಸಿತು. ಟ್ರಂಕಿನಿಂದ ಡಬ್ಬಿ ತೆಗೆದು ಮಾಡಿದೆ. ಅಡುಗೆಮನೆಯ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು ಬಿಸಿಯಿರುವಾಗಲೇ ತಿಂದರು. ಮನೆಯಲ್ಲೀಗ ಬರ್ನ್‌ಲಿಯ ಮಾತೇ ಜಾಸ್ತಿ. ಹೊಸ ಮಾತು ಉದುರಿದಂತೆ ಹಳೆಯದು ಮೇಲೆ ಬರುತ್ತಿದೆ.

"ಏಡಾ, ನಮ್ಮವ್ವ ಆಮ್ಯಾಲೆ ನನ್ನ ಚಿತ್ರ ನೋಡಾಕ ಯಾಕ ಹೋಗಲಿಲ್ಲ?" ಎಂದು ಕೇಳಿದರು.

ಈ ಪ್ರಶ್ನೆಗೆ ಮೂವತ್ತು ವರ್ಷ ಹೆದರಿದ್ದೆ. ಸಾರಾ ಮಗ್ಗದ ಸದ್ದಿಗೆ ಪೂರ್ತಿ ಕಿವುಡಾಗಿದ್ದಳು. ಮೂಕಿ ಚಿತ್ರದ ಕಾಲದಲ್ಲಿ ಪ್ರತಿ ಶನಿವಾರ ಟಾಕೀಸಿನಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಟಿಲ್ಲಿ ಪ್ರತಿ ಚಿತ್ರದಲ್ಲೂ ಎಲ್ಲೋ ಒಂದು ಕಡೆ ಅವಳಿಗೆಂದೇ ಒಂದು ಮಾತು ಸೇರಿಸುತ್ತಿದ್ದರು. ಸನ್ಯಾಸಿನಿಯಾಗಿ ಪ್ರಾರ್ಥನೆ ಮಾಡುತ್ತಾ "ಅವ್ವಾ, ಕೆಮ್ಮ ಕಡಿಮಿ ಆತೇನ?" ಎಂದದ್ದು ನನಗೆ ನೆನಪಿದೆ. ಸಾರಾ ಪರದೆಗೆ ಉತ್ತರ ಕೊಡುತ್ತಿದ್ದಳು. ಆಮೇಲೆ ಮಾತಿನ ಚಿತ್ರ ಬಂತು. ಸ್ಟುಡಿಯೋದವರು ಇಟ್ಟ ಗುರು ಟಿಲ್ಲಿಯ ಹಲ್ಲಿನ ನಡುವೆ ಸೀಸೆಯ ಬಿರಡೆ ಇಟ್ಟು, ತುಟಿ ಅಲುಗದಂತೆ ದೊಡ್ಡವರ ಮನೆಯ ಮಾತು ಕಲಿಸಿದ. ಲೋಕಕ್ಕೆಲ್ಲ ಆ ಧ್ವನಿ ಕೇಳಿಸಿತು. ಸಾರಾಗೆ ಕಂಡದ್ದು ಮುಚ್ಚಿದ ಬಾಯಿ.

"ಟಾಕೀಸಿನಿಂದ ಹೊರಗ ಬಂದು ಫ್ಲೋರಿ ಮುಂದ ಅಂದಳಂತ, ನಮ್ಮ ಟಿಲ್ಲಿ ಮಾತ ಬಿಟ್ಟಾಳ, ಅಂತ. ಮತ್ತ ಹೋಗಲಿಲ್ಲ," ಎಂದೆ.

ಟಿಲ್ಲಿ ಕೇಕಿನ ಪುಡಿಯನ್ನು ಬೆರಳಿನಿಂದ ಒಟ್ಟುಮಾಡುತ್ತಾ ಇದ್ದರು.

ಸಂಜೆ ಚಹಾ ಕೊಡುವಾಗ ಮತ್ತೆ ಕೇಳಿದರು, "ಏಡಾ, ನಮ್ಮವ್ವ ಆಮ್ಯಾಲೆ ಯಾಕ ಹೋಗಲಿಲ್ಲ?" ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಎರಡನೇ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು.

ಮಂಗಳವಾರ, ಅಕ್ಟೋಬರ್ 24

ರಾತ್ರಿ ಬಹಳವಾಗಿದೆ. ಆದರೂ ಬರೆಯುತ್ತೇನೆ.

ಇವತ್ತು ಕೊನೆಯ ದೃಶ್ಯ. ಲೇಡಿಯ ಮಗನಿಗೆ ಗಾಯವಾಗಿ ದೃಷ್ಟಿ ಹೋಗಿದೆ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾನೆ. ತಾಯಿ ಪಕ್ಕದಲ್ಲಿ ಕೂತು ಮನೆತನದ ಮರ್ಯಾದೆ, ಪೂರ್ವಜರ ಧೈರ್ಯ ಎಂದು ಒಂದೂವರೆ ಪುಟ ಮಾತಾಡಬೇಕು. ಕಣ್ಣು ಕಳೆದುಕೊಂಡ ಮಗನ ಮುಂದೆ ಯಾವ ತಾಯಿ ಒಂದೂವರೆ ಪುಟ ಮಾತಾಡುತ್ತಾಳೋ, ಬರೆದವನನ್ನೇ ಕೇಳಬೇಕು. ಆದರೂ ನಾನು ಐದು ದಿನ ಕೂತು ಬಾಯಿಪಾಠ ಮಾಡಿದ್ದೆ. ಮಂಚದ ಈಚೆ ತಟ್ಟೆ ಹಿಡಿದು, ಬೆನ್ನು ಕ್ಯಾಮರಾಕ್ಕೆ ಮಾಡಿ ನಿಂತೆ. ಎದುರಿಗೆ ಟಿಲ್ಲಿ.

ಮೊದಲ ಎರಡು ಟೇಕ್ ಅರ್ಧಕ್ಕೆ ಕೆಟ್ಟವು. ಮೂರನೆಯದರಲ್ಲಿ ಅವಳು ಬಾಯಿ ತೆರೆದಳು, ಏನೂ ಬರಲಿಲ್ಲ. ಮಗನ ಕೈ ಹಿಡಿದು ಕೂತಿದ್ದವಳ ಮುಖದಿಂದ ಲೇಡಿ ಹೊರಟುಹೋದಳು, ಇಸೊಬೆಲ್ ಕ್ರೇನ್ ಕೂಡ ಹೊರಟುಹೋದಳು. ಸಂತೆಯಲ್ಲಿ ಅವ್ವನ ಕೈ ತಪ್ಪಿದ ಕೂಸಿನ ಹಾಗೆ ನನ್ನ ಕಡೆ ನೋಡಿದಳು. ತಾನು ಎಲ್ಲಿ ಕೂತಿದ್ದೇನೆ ಎಂಬುದೇ ಅವಳಿಗೆ ತಿಳಿಯದಾಗಿದೆ ಎಂದು ನನಗೆ ಗೊತ್ತಾಯಿತು.

ಆ ಮುಖ ನೋಡಿದ್ದೇ ತಡ, ನನ್ನ ತಲೆಯಲ್ಲಿದ್ದ ಒಂದೂವರೆ ಪುಟವೂ ಹಾರಿಹೋಯಿತು. ಒಂದು ಪದವೂ ಉಳಿಯಲಿಲ್ಲ. ಕ್ಯಾಮರಾ ಓಡುತ್ತಲೇ ಇತ್ತು. ನನ್ನ ತುಟಿ ತಾನೇ ಮಾತಾಡಿತು. ಅದು ಪುಸ್ತಕದ ಮಾತಲ್ಲ, ನಾನು ಅವಳಿಗೇ ಹೇಳಿದ ಮಾತು. "ಅಂಜಬ್ಯಾಡ. ನಾ ಇಲ್ಲೇ ಅದೀನಿ. ನಾ ಎಲ್ಲೂ ಹೋಗಂಗಿಲ್ಲ."

ಟಿಲ್ಲಿ ನನ್ನ ಬಾಯನ್ನು ಓದಿದಳು. ಅದನ್ನೇ ತನ್ನ ಮಾತೆಂದುಕೊಂಡು ಮಗನ ಕಡೆ ಬಾಗಿ ಹೇಳಿದಳು.

"ಅಂಜಬ್ಯಾಡ. ನಾ ಇಲ್ಲೇ ಅದೀನಿ. ನಾ ಎಲ್ಲೂ ಹೋಗಂಗಿಲ್ಲ."

ಬಿರಡೆಯ ಧ್ವನಿಯಲ್ಲ. ಬಾಯಿ ಅಗಲವಾಗಿ ತೆರೆದು, ತುಟಿ ತಿರುವಿ, ಮಗ್ಗದ ಮುಂದೆ ನಿಂತವರ ಹಾಗೆ. ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ಮುಂದಿನದನ್ನು ತಾನೇ ಹೇಳಿದಳು. "ಕಣ್ಣ ಕಾಣದಿದ್ದರ ಏನಾತು, ನನ್ನ ಧ್ವನಿ ಕೇಳತೈತಿಲ್ಲೊ? ಹಂಗಾರ ನಾ ಮಾತಾಡತೇನಿ. ನೀ ಮಲಕ್ಕೊ." ಪಟ್ಟಿ ಕಟ್ಟಿಕೊಂಡು ಮಲಗಿದ್ದ ನಟ ಪಟ್ಟಿಯ ಕೆಳಗೆ ನಿಜವಾಗಿಯೇ ಅತ್ತ.

ಕ್ಯಾಮರಾ ನಿಂತಿತು. ಮಿಸ್ ಟ್ವೀಡಿ ಪುಟ ತಿರುವಿ ನೋಡಿ ಹೇಳಿದಳು, "ಇದರಲ್ಲಿ ಒಂದು ಪದಾನೂ ಪುಸ್ತಕದಲ್ಲಿಲ್ಲ."

"ಹಾಗಾದ್ರೆ ಪುಸ್ತಕ ತಿದ್ದಿ," ಎಂದ ಹ್ಯಾಲಮ್. ಟಿಲ್ಲಿಯ ಹತ್ತಿರ ಬಂದು ಮಂಡಿಯೂರಿ ಕೂತ. "ಮಿಸ್ ಕ್ರೇನ್, ಆ ಮಾತು ಎಲ್ಲಿಂದ ಬಂತು?"

ಸುತ್ತ ಐವತ್ತು ಜನ ಕಿವಿಗೊಟ್ಟು ನಿಂತಿದ್ದರು. ಡಾರ್ಸೆಟ್‌ನ ಪಾದ್ರಿ, ಗುಲಾಬಿ ತೋಟ, ಕುದುರೆ ಮರಿ, ಮೂವತ್ತು ವರ್ಷ ಕಟ್ಟಿದ ಮನೆ. ಟಿಲ್ಲಿ ಅವನ ಮುಖವನ್ನು ನೋಡಿ, ಯಾವ ಗುಟ್ಟೂ ಇಲ್ಲವೇನೋ ಎಂಬಂತೆ ಹೇಳಿದಳು.

"ನಮ್ಮವ್ವ ಬರ್ನ್‌ಲಿಯೊಳಗ ನೇಯತಿದ್ಲು. ಇದು ಆಕೀ ಮಾತು."

ಉಡುಪಿನ ಕೋಣೆಯಲ್ಲಿ ಕೊಂಡಿ ಬಿಚ್ಚುವಾಗ ಅವಳು ಕನ್ನಡಿಯೊಳಗಿಂದ ಧ್ವನಿಯಿಲ್ಲದೆ ಕೇಳಿದಳು, "ಖರೇನ?" ಬರೀ ತುಟಿ.

ನನ್ನ ಬಾಯಿತುಂಬ ಸೂಜಿಗಳಿದ್ದವು. ಹೌದೆಂದು ತಲೆಯಾಡಿಸಿ, ಅವಳ ಕೂದಲಿಗೆ ಸಿಕ್ಕಿದ ಸೂಜಿ ಬಿಡಿಸಿದೆ.

ಬುಧವಾರ, ನವೆಂಬರ್ 1

ಬೆಳಗ್ಗೆಯಿಂದ ಇವತ್ತೇನೋ ಇದೆ ಎನ್ನಿಸುತ್ತಿತ್ತು, ನೆನಪಾಗಲಿಲ್ಲ. ಟಿಲ್ಲಿಯ ರೋಗ ನನಗೂ ಅಂಟಿತೇ ಎಂದುಕೊಂಡೆ. ಮಧ್ಯಾಹ್ನ ಫ್ಲೋರಿಯ ಕಾಗದ ಬಂತು. ಇಪ್ಪತ್ತೈದು ಕಳೆದರೂ ಉತ್ತರವಿಲ್ಲ, ಪೋಸ್ಟ್‌ಮಾಸ್ಟರು ಮಹಡಿಯ ಕೋಣೆಗೆ ಬಂದಾಯಿತು, ಮನುಷ್ಯ ಒಳ್ಳೆಯವನು, ಶನಿವಾರ ತನ್ನನ್ನು ನೃತ್ಯಕ್ಕೆ ಕರೆದಿದ್ದಾನೆ, ಮೊದಲೇ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಬೈದಿದ್ದಾಳೆ. ಬೈಗುಳದ ಸಾಲಿಗಿಂತ ನೃತ್ಯದ ಸಾಲೇ ಉದ್ದವಿತ್ತು.

ಟ್ರಂಕಿನಲ್ಲಿ ಬೂಟೊಂದೇ ಉಳಿದಿತ್ತು. ಮಳೆಯಾಗುತ್ತಿದೆ, ತೆಗೆದು ಹಾಕಿಕೊಂಡೆ. ಖಾಲಿ ಟ್ರಂಕನ್ನು ಬಾಗಿಲ ಹತ್ತಿರ ಎಳೆದು ಮೇಲೊಂದು ದಿಂಬು ಹಾಕಿದ್ದೇನೆ. ಟಿಲ್ಲಿಗೆ ಕೂತು ಬೂಟಿನ ದಾರ ಕಟ್ಟಿಕೊಳ್ಳಲು ಒಳ್ಳೆಯದಾಯಿತು.

ಬುಧವಾರ, ಮಾರ್ಚ್ 14, 1962

ನಾಲ್ಕು ತಿಂಗಳು ಬರೆಯಲಿಲ್ಲ. ಹೊತ್ತು ಸಿಗಲಿಲ್ಲ.

ಚಿತ್ರ ಬಂದಿದೆ. ಲೇಡಿ ಮದುವೆಗೆ ಮುಂಚೆ ಮಿಲ್ಲಿನ ಹುಡುಗಿ ಎಂದು ಹ್ಯಾಲಮ್ ಮೊದಲಲ್ಲೇ ಒಂದು ಮಾತು ಸೇರಿಸಿದ್ದಾನೆ, ಅದರಿಂದ ಎಲ್ಲ ಸರಿಹೋಯಿತು. ಪತ್ರಿಕೆಗಳು ಹೊಗಳಿವೆ. ಕತ್ತರಿಸಿ ಅಂಟಿಸಿದ್ದೇನೆ. ಟಿಲ್ಲಿ ದಿನವೂ ಓದಿ ದಿನವೂ ಹೊಸದಾಗಿ ಖುಷಿಪಡುತ್ತಾಳೆ. ಮರೆವಿನಿಂದ ಆದ ಲಾಭ ಅದೊಂದು.

ಇವತ್ತು ಅವಳನ್ನು ಬರ್ನ್‌ಲಿಗೆ ಕರೆದುಕೊಂಡು ಬಂದೆ. ಮಧ್ಯಾಹ್ನದ ಆಟ. ಟಾಕೀಸು ಅದೇ, ಕುರ್ಚಿಗಳಿಗೆ ಮಾತ್ರ ಹೊಸ ಬಟ್ಟೆ. ಬುಧವಾರ ಮಧ್ಯಾಹ್ನ ಬರುವವರೆಲ್ಲ ಮಿಲ್ಲಿನ ಮುದುಕಿಯರೇ. ಹೆಚ್ಚಿನವರಿಗೆ ಕಿವಿ ಕೇಳುವುದಿಲ್ಲ. ಸಾಲುಸಾಲಾಗಿ ಕೂತು ಸದ್ದಿಲ್ಲದೆ ಹರಟುತ್ತಿದ್ದರು. ಟಿಲ್ಲಿ ಬಾಗಿಲಲ್ಲೇ ನಿಂತು ಆ ಬಾಯಿಗಳನ್ನೆಲ್ಲ ನೋಡಿದಳು. "ಯವ್ವಾ, ಎಷ್ಟ ಗದ್ದಲ ಇಲ್ಲಿ," ಎಂದಳು.

ಚಿತ್ರ ಶುರುವಾದ ಮೇಲೆ ಅವಳ ಕೈ ನನ್ನ ಕೈಯಲ್ಲಿತ್ತು. ಪರದೆಯ ಮೇಲಿನ ಹೆಂಗಸನ್ನು ತೋರಿಸಿ ಒಂದೆರಡು ಸಲ "ಯಾರಾಕಿ? ಛಲೋ ಮಾಡತಾಳ," ಎಂದಳು. ನೀನೇ ಎಂದೆ. ನಂಬಲಿಲ್ಲ. ಕೊನೆಯ ದೃಶ್ಯ ಬಂತು. ನನ್ನ ಟೋಪಿಯ ಹಿಂಭಾಗ ಕಂಡಿತು. ಟಿಲ್ಲಿಯ ಬಾಯಿ ಪರದೆಯಷ್ಟು ದೊಡ್ಡದಾಗಿ ತೆರೆದು ಆ ಮಾತು ಹೇಳಿತು. ಮುಂದಿನ ಸಾಲುಗಳಲ್ಲಿ ಹರಟೆ ನಿಂತಿತು. ಆಮೇಲೆ ಒಬ್ಬೊಬ್ಬರಾಗಿ ಮೂಗು ಒರೆಸಿಕೊಳ್ಳುವುದು ಕಂಡಿತು.

ದೀಪ ಹತ್ತಿದಾಗ ಮೂರು ಸಾಲು ಮುಂದಿದ್ದ ಮುದುಕಿಯೊಬ್ಬಳು ತಿರುಗಿ ನಮ್ಮನ್ನು ನೋಡಿದಳು. ಎಂಬತ್ತು ದಾಟಿರಬೇಕು. ಟಿಲ್ಲಿಯನ್ನೇ ದಿಟ್ಟಿಸಿ, ತುಟಿಯಲ್ಲಿ ಕೇಳಿದಳು, "ಸಾರಾನ ಮಗಳು ಹೌದಿಲ್ಲೊ?"

ಟಿಲ್ಲಿ ಹೌದೆಂದು ತುಟಿಯಲ್ಲೇ ಹೇಳಿದಳು.

"ತಿಳೀತವ್ವಾ," ಎಂದಳು ಆ ಮುದುಕಿ. "ಎಲ್ಲಾ ತಿಳೀತು. ಒಂದೂ ಮಾತ ಬಿಟ್ಟುಹೋಗಲಿಲ್ಲ."

ಬಸ್ಸಿನಲ್ಲಿ ಕೂತ ಮೇಲೆ ಟಿಲ್ಲಿ ನನ್ನ ತೋಳು ತಟ್ಟಿದಳು. "ಆ ಮುದುಕಿ ಏನಂದ್ಲು?"

ಹೇಳಿದೆ. ಕಣ್ಣು ತುಂಬಿಕೊಂಡು ಕಿಟಕಿಯ ಕಡೆ ತಿರುಗಿದಳು. ಕಾಲುವೆಯ ಸೇತುವೆ ದಾಟಿದ ಮೇಲೆ ಮತ್ತೆ ತೋಳು ತಟ್ಟಿ ಅದನ್ನೇ ಕೇಳಿದಳು. ಮತ್ತೆ ಹೇಳಿದೆ, ಮತ್ತೆ ಕಣ್ಣು ತುಂಬಿಕೊಂಡಳು. ನಾಳೆಯೂ ಕೇಳುತ್ತಾಳೆ. ಎಷ್ಟು ಸಲ ಕೇಳಿದರೂ ಹೇಳಿದರಾಯಿತು, ನಾನೇನು ಎಲ್ಲಿಗೆ ಹೋಗಬೇಕಾಗಿದೆ.